ಬುಧವಾರ ಬೆಳಿಗ್ಗೆ ಆರರ ಅಂಕಿ

ಶಿವಬಸವ ನಗರ, ಬೆಳಗಾವಿ
13 ಜುಲೈ 2025, ರವಿವಾರ

ಅವ್ವಾ, ಶರಣು.

ಪತ್ರ ಹೇಗೆ ಶುರು ಮಾಡಬೇಕೆಂದು ಸರಿಯಾಗಿ ಗೊತ್ತಿಲ್ಲ. ಐದನೇ ಇಯತ್ತೆಯಿಂದ ಹಾಸ್ಟೆಲ್‌ನಲ್ಲೇ ಇದ್ದೇನೆ, ಅಲ್ಲಿ ಕಲಿಸಿದ್ದು ಲೀವ್ ಲೆಟರ್ ಒಂದೇ, ಅದೂ ಇಂಗ್ಲಿಷಿನಲ್ಲಿ. ಇಲ್ಲಿ ಫಸ್ಟ್ ಇಯರ್‌ನವರಿಗೆ ಮೊಬೈಲ್ ಕೊಡುವುದಿಲ್ಲ. ರವಿವಾರ ವಾರ್ಡನ್ ಬಾಯಿಯವರ ಫೋನಿನಲ್ಲಿ ಮೂರು ನಿಮಿಷ, ಹಿಂದೆ ನಲವತ್ತು ಹುಡುಗಿಯರ ಕ್ಯೂ. ಅಷ್ಟರಲ್ಲಿ ಯಂತ್ರದ ವಿಷಯ ಹೇಳಿ ಮುಗಿಸಲು ಆಗುವುದಿಲ್ಲ.

ನಿನ್ನೆ ಅಪ್ಪನ ಕೈಯಲ್ಲಿ ಕಳಿಸಿದ ಕಪ್ಪು ಡಬ್ಬಿಯಲ್ಲಿರುವುದು ಕಣ್ಣಿನ ಒತ್ತಡ ನೋಡುವ ಯಂತ್ರ. ಇಲ್ಲಿಯ ಕ್ಯಾಂಪ್ ಏರಿಯಾದ ಕಣ್ಣಿನ ಆಸ್ಪತ್ರೆಯದು, ಕೆಲವು ತಿಂಗಳಿಗೆ ಎಂದು ಕೊಟ್ಟಿದ್ದಾರೆ. ಅಲ್ಲಿಯ ಆಯೆಷಾ ಮೇಡಂ ನನಗೂ ಅಪ್ಪನಿಗೂ ಹಿಡಿದು ತೋರಿಸಿದರು. ಆದರೆ ಅಪ್ಪ ಅಷ್ಟು ಹೊತ್ತೂ ವಾಚ್ ನೋಡುತ್ತಿದ್ದರು, ಅವರಿಗೆ ನೆನಪಿರುವುದು ಡೌಟು. ಆದ್ದರಿಂದ ನೀನೇ ಹಿಡಿಯಬೇಕು. ಅಪ್ಪ ನೆಟ್ಟಗೆ ಕುಳಿತುಕೊಳ್ಳಲಿ. ಒಂದು ಕಾಲು ಹಣೆಗೆ, ಇನ್ನೊಂದು ಕೆನ್ನೆಗೆ ಆನಿಸು. ಒಳಗೆ ದೀಪ ಕಾಣುತ್ತದೆ, ಅದು ಹಸಿರಾದಾಗ ಬಟನ್ ಒತ್ತು. ಸಣ್ಣ ಕಡ್ಡಿಯೊಂದು ಕಣ್ಣನ್ನು ಮುಟ್ಟಿ ಹಿಂದೆ ಸರಿಯುತ್ತದೆ. ನೋಯುವುದಿಲ್ಲ, ನನ್ನ ಕಣ್ಣಿಗೂ ಹಿಡಿಸಿಕೊಂಡು ನೋಡಿದ್ದೇನೆ. ಆಮೇಲೆ ಹಿಂಬದಿಯಲ್ಲಿ ಅಂಕಿ ಬರುತ್ತದೆ. ಬೆಳಿಗ್ಗೆ ಆರಕ್ಕೆ, ರಾತ್ರಿ ಒಂಬತ್ತಕ್ಕೆ, ಎರಡೂ ಕಣ್ಣು. ಚಾರ್ಟಿನಲ್ಲಿ ಬರೆ. ಚಾರ್ಟನ್ನು ಬೆಳಗಾವಿ ಗಾಡಿಯ ಕಂಡಕ್ಟರ್ ಯಾರ ಕೈಯಲ್ಲಾದರೂ ಹಾಸ್ಟೆಲ್ ಗೇಟಿಗೆ ಕಳಿಸು. ಎರಡನೇ ಶನಿವಾರ ನಮಗೆ ಔಟಿಂಗ್ ಇರುತ್ತದೆ, ನಾನೇ ಕ್ಯಾಂಪಿಗೆ ಹೋಗಿ ಕೊಟ್ಟು ಬರುತ್ತೇನೆ.

ಕಣ್ಣಿಗೆ ಹಾಕುವ ಹನಿ ಔಷಧಿ ಎರಡು. ಹಳದಿ ಮುಚ್ಚಳದ್ದು ಬೆಳಿಗ್ಗೆ ಮತ್ತು ಸಂಜೆ. ಹಸಿರು ಮುಚ್ಚಳದ್ದು ರಾತ್ರಿ ಮಾತ್ರ.

ಅಪ್ಪ ಮನೆಯಲ್ಲಿ ಪೂರ್ತಿ ಹೇಳಿರಲಿಕ್ಕಿಲ್ಲ. ಇದರ ಹೆಸರು ಗ್ಲಾಕೋಮಾ. ಒತ್ತಡಕ್ಕೆ ಕಣ್ಣಿನ ಹಿಂದಿನ ನರ ಸವೆಯುತ್ತದೆ. ನೋವಿಲ್ಲ, ಕೆಂಪಿಲ್ಲ. ಕಾಣುವುದು ಅಂಚಿನಿಂದ ಹೋಗುತ್ತ ಬರುತ್ತದೆ, ಹೋದದ್ದು ಮರಳುವುದಿಲ್ಲ. ಅಪ್ಪನ ಎಡಗಣ್ಣಿನ ಅಂಚು ಸ್ವಲ್ಪ ಹೋಗಿದೆ. ಒತ್ತಡ ಹದಿನೆಂಟರೊಳಗೆ ನಿಂತರೆ ಬಸ್ಸು ಓಡಿಸಲು ಅಡ್ಡಿಯಿಲ್ಲ ಎಂದರು ಡಾಕ್ಟರ್. ನಿಲ್ಲದಿದ್ದರೆ ಎಂಬುದನ್ನು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ನಿನ್ನ ಮಗಳು,
ದಾನೇಶ್ವರಿ


ಖಾನಾಪುರ
31 ಜುಲೈ 2025

ಚಿ. ದಾನುಗ ಅವ್ವನ ಆಶೀರ್ವಾದ.

ನಿನ್ನ ಪತ್ರ ಮೂರು ಸಲ ಓದಿದೆ. ಅಕ್ಷರ ಚಲೋ ಅದಾವ, ಮಾತು ಮಾತ್ರ ಸಾಲಿ ಟೀಚರ್ ಬಾಯಿ ಮಾತಾಡಿದಂಗ ಅದಾವ.

ಯಂತ್ರ ಹಿಡಿಯಾಕ ಬಂತು. ಮೊದಲ ದಿನ ನಿಮ್ಮಪ್ಪಾರು ಕಣ್ಣ ಗಟ್ಟಿ ಮುಚ್ಚಿ ಕುಂತಬಿಟ್ರು. ಘಾಟಿನ್ಯಾಗ ಗಾಡಿ ಹೊಡಿಯೂ ಗಂಡಸಿಗೆ ಕಡ್ಡಿಗೆ ಅಂಜಿಕಿ ಅಂತ ನಾ ನಕ್ಕೆ, ಆಮ್ಯಾಲ ತಗದ್ರು. ಬಾಜು ಮನಿ ಬಾಳವ್ವಾಯಿ ನೋಡಾಕ ಬಂದಿದ್ದಳು. ನನ್ನ ಕಣ್ಣಿಂದೂ ತೂಕ ಮಾಡ ನೀಲಾ, ಎಷ್ಟ ಕಿಲೋ ಬರ್ತೈತಿ ನೋಡೂಣು ಅಂದಳು. ಆಸ್ಪತ್ರೀದು, ಮುಟ್ಟಬ್ಯಾಡ ಆಯಿ ಅಂತ ಕಳಿಸಿದೆ.

ನಿಮ್ಮಪ್ಪಾರು ಒಂದ ಮಾತು ಕೇಳ್ಯಾರ, ನೀ ಉತ್ತರ ಬರಿ. "ದಿನಾ ಮುಂಜಾನೆ ಅಂಗೈಯಾಗ ಲಿಂಗ ಇಟ್ಕೊಂಡು ನೋಡತೀನಿ. ಹತ್ತ ವರ್ಷದ ಹಿಂದ ಹೆಂಗ ಕಾಣತಿತ್ತೋ ಹಂಗ ಕಾಣತೈತಿ. ಕಣ್ಣ ಕೆಟ್ಟಿದ್ರ ಮೊದಲ ಅದ ಮಸಕ ಆಗಬೇಕಿತ್ತಲ್ಲ?"

ಅಂಕಿ ಹದಿನೇಳು, ಹದಿನೆಂಟು, ಒಮ್ಮೊಮ್ಮೆ ಹತ್ತೊಂಬತ್ತು ಬರತಾವ. ಮಂಗಳವಾರ, ಗುರುವಾರ ಅವರದು ಜಾಂಬೋಟಿ ಕಡೆ ವಸ್ತಿ ಗಾಡಿ ನಿನಗ ಗೊತ್ತೈತಿ. ರಾತ್ರಿ ಅಲ್ಲೇ ಹಳ್ಳ್ಯಾಗ ಮಲಗಿ ಮರುದಿನ ಮುಂಜಾನೆ ಗಾಡಿ ತರತಾರ. ಚಾರ್ಟಿನ್ಯಾಗ ಆ ಹೊತ್ತಿನ ಮನಿಗಳು ಖಾಲಿ ಅದಾವ. ಔಷಧ ಎರಡೂ ತಂದಾರ, ಹಸಿರು ಮುಚ್ಚಳದ್ದು ತಂಪಿನ್ಯಾಗ ಇಡಬೇಕಂತ ಅಂಗಡ್ಯಾಂವ ಹೇಳ್ಯಾನ, ಫ್ರಿಜ್ಜಿನ ಬಾಗಲದಾಗ ಇಟ್ಟೀನಿ.

ಊಟ ಬಿಡಬ್ಯಾಡ.

ಅವ್ವ


ಶಿವಬಸವ ನಗರ
10 ಆಗಸ್ಟ್ 2025

ಅವ್ವಾ, ಶರಣು.

ಅಪ್ಪನಿಗೆ ಹೇಳು: ಲಿಂಗ ನಡುವಿನಲ್ಲಿದೆ, ರೋಗ ಅಂಚಿನಲ್ಲಿದೆ. ನಡುವೆ ಕಾಣುವುದು ಕೊನೆಯವರೆಗೂ ಸರಿಯಾಗಿರುತ್ತದೆ. ಲಿಂಗ ಮಸಕಾಗುವವರೆಗೆ ಕಾದರೆ ಆಮೇಲೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಇದು ನನ್ನ ಮಾತಲ್ಲ, ಆಯೆಷಾ ಮೇಡಂ ಹೇಳಿದ್ದು. ನಾನು ಹೇಳಿದರೆ ಅಪ್ಪ ನಗುತ್ತಾರೆ.

ನಿನ್ನೆ ಚಾರ್ಟ್ ಕೊಟ್ಟೆ. ಮೇಡಂ ಖಾಲಿ ಮನೆಗಳ ಮೇಲೆ ಪೆನ್ಸಿಲ್ ಇಟ್ಟು ಇವೇನು ಎಂದು ಕೇಳಿದರು. ಬೈಯಲಿಲ್ಲ, ಸುಮ್ಮನೆ ಕೇಳಿದರು. ಹೋಮ್‌ವರ್ಕ್ ಮಾಡದೆ ನಿಂತ ಹಾಗಾಯಿತು. ನಿನ್ನೆ ಸಂಜೆಯೂ ಇವತ್ತು ಬೆಳಿಗ್ಗೆಯೂ ಮೆಸ್ಸಿಗೆ ಹೋಗಲಿಲ್ಲ. ನಿನಗೆ ಟೆನ್ಷನ್ ಮಾಡಲು ಇದನ್ನು ಬರೆಯುತ್ತಿಲ್ಲ. ಫಿಜಿಕ್ಸ್ ಯುನಿಟ್ ಟೆಸ್ಟಿನಲ್ಲೂ ಎರಡು ಪ್ರಶ್ನೆ ಬ್ಲ್ಯಾಂಕ್ ಬಿಟ್ಟು ಬಂದಿದ್ದೇನೆ. ಕಣ್ಣು ಮುಚ್ಚಿದರೆ ಖಾಲಿ ಮನೆಗಳೇ ಕಾಣುತ್ತವೆ.

ಏನಾದರೂ ಮಾಡಿ ಆ ಮನೆಗಳನ್ನು ತುಂಬಿಸು. ಖಾಲಿ ಬಿಡಬೇಡ, ಪ್ಲೀಸ್.

ದಾನೇಶ್ವರಿ


ಖಾನಾಪುರ
7 ಸೆಪ್ಟೆಂಬರ್ 2025

ದಾನುಗ ಅವ್ವನ ಆಶೀರ್ವಾದ.

ಚಾರ್ಟ್ ಇದರ ಜೋಡಿ ಕಳಿಸೀನಿ. ಒಂದ ಮನಿನೂ ಖಾಲಿ ಇಲ್ಲ, ನೋಡು. ಇನ್ನ ಸಮಾಧಾನ ಮಾಡ್ಕೋ.

ಇಲ್ಲಿ ಮಳಿ ನಿಂತಿಲ್ಲ. ನಿಮ್ಮಪ್ಪಾರ ಗಾಡಿದು ಎಡಗಡೆ ಕನ್ನಡಿ ಒಡದಿತ್ತು, ರಸ್ತಾಕ ಬಾಗಿದ ಟೊಂಗಿ ಬಡೀತಂತ. ಡಿಪೋದಾಗ ಹೊಸಾದು ಹಾಕ್ಯಾರ.

ವಾರ್ಡನ್ ಬಾಯಿ ಕಡೆ ಫೋನ್ ಮಾಡಿ ಕೇಳಿದೆ. ಈಗ ಊಟಕ್ಕ ಬರತಾಳ ಅಂದ್ರು. ಹಂಗ ಇರು.

ಅವ್ವ


ಶಿವಬಸವ ನಗರ
14 ಸೆಪ್ಟೆಂಬರ್ 2025

ಅವ್ವಾ, ಶರಣು.

ನಿನ್ನೆ ಚಾರ್ಟನ್ನು ಡಾಕ್ಟರೇ ನೋಡಿದರು. ಸರಾಸರಿ ಹದಿನೇಳಕ್ಕಿಂತ ಕಡಿಮೆ ಬಂದಿದೆ. ಇನ್ನೊಂದು ತಿಂಗಳು ಹೀಗೇ ಇದ್ದರೆ ಹಳದಿ ಮುಚ್ಚಳದ್ದು ನಿಲ್ಲಿಸಿ ಹಸಿರಿನದೊಂದೇ ಮುಂದುವರಿಸಬಹುದು, ಅಕ್ಟೋಬರ್ ಚಾರ್ಟ್ ನೋಡಿ ಹೇಳುತ್ತೇನೆ ಎಂದರು. ಔಷಧಿ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದಂತೆ. ಆಯೆಷಾ ಮೇಡಂ ನನ್ನ ಬೆನ್ನು ತಟ್ಟಿ, "ನಿಮ್ಮಮ್ಮ ಕೆಲಸಕ್ಕ ಬರ್ತಾರೇನ್ ಕೇಳು, ನಮ್ಮಲ್ಲಿ ಸ್ಟಾಫ್ ಕಮ್ಮಿ ಅದ" ಎಂದರು.

ಬರುವಾಗ ಚರ್ಚಿನ ಮುಂದಿನ ಬೇಕರಿಯಲ್ಲಿ ಖಾರಿ ಬಿಸ್ಕೀಟು ತೆಗೆದುಕೊಂಡು ರೂಮಿನವರಿಗೆಲ್ಲ ಕೊಟ್ಟೆ. ಏಕೆ ಎಂದು ಕೇಳಿದರು. ನಮ್ಮಪ್ಪನ ಕಣ್ಣು ಪಾಸಾಯಿತು ಎಂದೆ.

ದಾನೇಶ್ವರಿ


ಶಿವಬಸವ ನಗರ
21 ಸೆಪ್ಟೆಂಬರ್ 2025

ಅವ್ವಾ,

ಫಿಜಿಕ್ಸ್ ರೆಕಾರ್ಡಿಗೆ ಗ್ರಾಫ್ ಹಾಕುವುದನ್ನು ಕಲಿಸಿದ್ದಾರೆ. ಅಭ್ಯಾಸಕ್ಕೆಂದು ಅಪ್ಪನ ಅಂಕಿಗಳನ್ನೇ ಹಾಕಿದೆ. ಆಸ್ಪತ್ರೆಗೆ ಕೊಡುವ ಮೊದಲು ಚಾರ್ಟನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದೆ.

ಬೇರೆ ದಿನ ಬೆಳಿಗ್ಗೆ ಹದಿನೇಳು, ಹದಿನೆಂಟು, ಹತ್ತೊಂಬತ್ತು. ಬುಧವಾರ ಮತ್ತು ಶುಕ್ರವಾರ ಬೆಳಿಗ್ಗೆ ಹದಿಮೂರು, ಹದಿನಾಲ್ಕು. ನಾಲ್ಕು ವಾರವೂ ಹಾಗೆಯೇ. ಗೆರೆ ವಾರಕ್ಕೆರಡು ಸಲ ತಗ್ಗಿಗೆ ಇಳಿದು ಮತ್ತೆ ಏರುತ್ತದೆ. ಔಷಧಿ ದಿನವಾರ ನೋಡಿ ಕೆಲಸ ಮಾಡುವುದಿಲ್ಲ.

ಬುಧವಾರ ಬೆಳಿಗ್ಗೆ ಆರಕ್ಕೆ ಅಪ್ಪ ಜಾಂಬೋಟಿಯ ಆಚೆ ಬಸ್ಸು ಸ್ಟಾರ್ಟ್ ಮಾಡುತ್ತಿರುತ್ತಾರೆ. ಯಂತ್ರ ಖಾನಾಪುರದಲ್ಲಿ ಕಪಾಟಿನ ಮೇಲಿರುತ್ತದೆ. ಹಾಗಾದರೆ ಬುಧವಾರ ಬೆಳಿಗ್ಗೆ ಆರರ ಅಂಕಿ ಯಾರದು ಎಂದು ನಾನು ಕೇಳುವುದಿಲ್ಲ. ಒಂದನ್ನು ಮಾತ್ರ ಕೇಳುತ್ತೇನೆ. ವಸ್ತಿಗೆ ಹೋಗುವ ದಿನ ಹಸಿರು ಮುಚ್ಚಳದ ಬಾಟಲಿ ಎಲ್ಲಿರುತ್ತದೆ?

ಅಕ್ಟೋಬರ್ ಹನ್ನೊಂದರ ಒಳಗೆ ಉತ್ತರ ಬರಲಿ. ಅವತ್ತು ಡಾಕ್ಟರ್ ಹಳದಿಯದನ್ನು ನಿಲ್ಲಿಸುತ್ತಾರೆ.

ದಾನೇಶ್ವರಿ


ಖಾನಾಪುರ
30 ಸೆಪ್ಟೆಂಬರ್ 2025

ದಾನು,

ಫ್ರಿಜ್ಜಿನ್ಯಾಗ ಇರತೈತಿ. ಬಸ್ಸಿನ ಕಾವಿನ್ಯಾಗ ಕೆಡತೈತಂತ ಒಯ್ಯೂದಿಲ್ಲ. ವಾರಕ್ಕ ಎರಡ ರಾತ್ರಿ ಹಾಕಿಲ್ಲ. ಹಳದಿದು ಅಂಗಿ ಕಿಸೆದಾಗ ಒಯ್ತಾರ.

ನೀ ಕೇಳಲಿಲ್ಲ, ಆದ್ರೂ ಹೇಳತೀನಿ. ಆ ಅಂಕಿ ನನ್ನ ಕಣ್ಣಿಂದು. ನೀ ಅಲ್ಲಿ ಊಟ ಬಿಟ್ಟೀ ಅಂದ ಮ್ಯಾಲ ನಂಗ ಖಾಲಿ ಬಿಡಾಕ ಕೈ ಬರಲಿಲ್ಲ. ಸುಳ್ಳ ಅಂಕಿ ಬರದಿಲ್ಲ ದಾನು. ಕನ್ನಡಿ ಮುಂದ ಕುಂತು ಹಿಡಕೊಂಡು, ಬಂದದ್ದನ್ನ ಬರದೀನಿ. ಇವರದು ಹದಿನೇಳು ಬರತಿತ್ತು, ನನ್ನದೂ ಅದರ ಹತ್ರ ಬಂತು, ಅಷ್ಟರಾಗ ಏನ್ ಫರಕ ಆಗತೈತಿ ಅಂದ್ಕೊಂಡೆ. ನಿಮ್ಮಪ್ಪಾರಿಗೆ ಇದು ಗೊತ್ತಿಲ್ಲ.

ಈ ಸಲ ಡಾಕ್ಟರಿಗೆ ಹೇಳಬ್ಯಾಡ. ಮುಂದಿನ ತಿಂಗಳಿಂದ ಖರೇ ಖರೇ ಬರಿತೀನಿ. ಕಣ್ಣ ಸರಿ ಇಲ್ಲ ಅಂತ ಡಿಪೋಕ ಗೊತ್ತಾದ್ರ ಗಾಡಿ ಬಿಡಸತಾರ. ಇಪ್ಪತ್ತೆರಡ ವರ್ಷ ಅವರು ಸ್ಟೇರಿಂಗ್ ಬಿಟ್ಟು ಬ್ಯಾರೇನೂ ಹಿಡದಿಲ್ಲ. ಮನ್ಯಾಗ ಕುಂದ್ರಿಸಿದ್ರ ಆ ಮನಷ್ಯಾ ಏನ್ ಮಾಡಬೇಕು ನೀನ ಹೇಳು.

ಅವ್ವ


ಶಿವಬಸವ ನಗರ
12 ಅಕ್ಟೋಬರ್ 2025, ರವಿವಾರ

ಅಪ್ಪಾ, ಶರಣು.

ನಿಮಗೆ ಇದು ನನ್ನ ಮೊದಲ ಪತ್ರ. ನಿಮ್ಮ ಗಾಡಿಯ ಕಂಡಕ್ಟರ್ ಮೌಲಾಸಾಬ ಕಾಕಾ ಅವರ ಕೈಗೆ ಮುಟ್ಟುವಂತೆ ಕಳಿಸಿದ್ದೇನೆ. ವಸ್ತಿಯಲ್ಲಿ ಓದಿ.

ನಿನ್ನೆ ಆಸ್ಪತ್ರೆಯಲ್ಲಿ ಅರ್ಧ ಗಂಟೆ ಬೆಂಚಿನ ಮೇಲೆ ಕುಳಿತಿದ್ದೆ. ಚಾರ್ಟ್ ಬ್ಯಾಗಿನಲ್ಲಿತ್ತು. ಆಮೇಲೆ ಒಳಗೆ ಹೋಗಿ ಆಯೆಷಾ ಮೇಡಂಗೆ ಹೇಳಿದೆ. ಆಗಸ್ಟಿನಿಂದ ನೀವು ವಸ್ತಿಗೆ ಹೋದಾಗಿನ ಅಂಕಿಗಳು ನಿಮ್ಮವಲ್ಲ, ಅವ್ವನವು. ಆ ರಾತ್ರಿಗಳಲ್ಲಿ ನೀವು ಹಸಿರು ಮುಚ್ಚಳದ ಔಷಧಿಯನ್ನೂ ಹಾಕಿಕೊಂಡಿಲ್ಲ. ಇದೆಲ್ಲ ಆದದ್ದು ನನ್ನಿಂದ. ಖಾಲಿ ಬಿಡಬೇಡ ಎಂದು ಬರೆದವಳು ನಾನು. ಅವ್ವನನ್ನು ಕೇಳಬೇಡಿ.

ಮೇಡಂ ಬೈಯಲಿಲ್ಲ. ಕೆಂಪು ಪೆನ್ಸಿಲ್ ತೆಗೆದುಕೊಂಡು ಒಂದೊಂದೇ ಅಂಕಿಗೆ ಗೆರೆ ಎಳೆದರು. ನಾನು ದಿನವಾರ ಹೇಳುತ್ತ ಹೋದೆ. ಕೊನೆಗೆ ಅವರು, "ನಿಮ್ಮಮ್ಮಂದು ಎರಡು ತಿಂಗಳ ರೆಕಾರ್ಡ್ ಆತು. ಖಾನಾಪುರ ತಾಲೂಕಿನಾಗ ಇಷ್ಟು ಚೆನ್ನಾಗಿ ಪರೀಕ್ಷೆ ಆದ ಕಣ್ಣು ಇನ್ನೊಂದು ಇರ್ಲಿಕ್ಕಿಲ್ಲ" ಎಂದರು. ನನಗೆ ನಗು ಬರಲಿಲ್ಲ. ಆಮೇಲೆ, "ಖಾಲಿ ಮನಿ ಸುಳ್ಳು ಹೇಳೂದಿಲ್ಲವಾ. ಅದು ಖಾಲಿ ಅಂತ ಹೇಳ್ತದ, ಅಷ್ಟ. ಅದೂ ನಮಗ ಬೇಕು" ಎಂದರು.

ಡಾಕ್ಟರ್ ಹಳದಿಯದನ್ನು ನಿಲ್ಲಿಸಿಲ್ಲ. ಅವ್ವನ ಅಂಕಿ ತೆಗೆದರೆ ನಿಮ್ಮ ಸರಾಸರಿ ಹದಿನೆಂಟರ ಮೇಲಿದೆ. ಹಸಿರು ಮುಚ್ಚಳದ ಬಾಟಲಿಯನ್ನು ಸೀಲ್ ಒಡೆಯುವ ತನಕ ಮಾತ್ರ ಫ್ರಿಜ್ಜಿನಲ್ಲಿಡಬೇಕು. ಸೀಲ್ ಒಡೆದ ಮೇಲೆ ಬಿಸಿಲು ತಾಗದ ಹಾಗೆ ಚೀಲದಲ್ಲಿ ಇಟ್ಟುಕೊಂಡು ಹೋಗಬಹುದು. ಇದನ್ನು ನಾವು ಯಾರೂ ಕೇಳಿರಲಿಲ್ಲ. ಇನ್ನು ಮುಂದೆ ವಸ್ತಿಗೆ ಬಾಟಲಿ ಮತ್ತು ಯಂತ್ರ ಎರಡೂ ನಿಮ್ಮ ಜೊತೆ ಬರಬೇಕು. ನವೆಂಬರ್ 8ಕ್ಕೆ ಅಂಚು ಎಷ್ಟು ಕಾಣುತ್ತದೆ ಎಂಬ ಪರೀಕ್ಷೆ ಮತ್ತೆ ಮಾಡುತ್ತಾರೆ, ರಜೆ ಹಾಕಿ.

ಇನ್ನೊಂದು. ಮಳೆಗಾಲದಲ್ಲಿ ಒಡೆದ ಕನ್ನಡಿ ಎಡಗಡೆಯದು ಎಂದು ಅವ್ವ ಬರೆದಿದ್ದಳು. ಅಂಚು ಹೋಗಿರುವುದು ನಿಮ್ಮ ಎಡಗಣ್ಣಿನದು. ನಾನು ಸುಮ್ಮನೆ ಯೋಚಿಸುತ್ತಿರಬಹುದು.

ನಿಮ್ಮ ಮಗಳು,
ದಾನೇಶ್ವರಿ


ವಸ್ತಿ, ಜಾಂಬೋಟಿ ಆಚೆ
31 ಅಕ್ಟೋಬರ್ 2025, ಶುಕ್ರವಾರ ಮುಂಜಾನೆ

ಚಿ. ದಾನೇಶ್ವರಿಗೆ ಅಪ್ಪನ ಆಶೀರ್ವಾದ.

ಗಾಡಿಯಾಗ ಕುಂತು ಬರೀತೀನಿ. ಹೊರಗ ಮಂಜು ಐತಿ, ಭತ್ತದ ಗದ್ದಿ ಕಾಣವಲ್ದು. ಇದು ಕಣ್ಣಿನ ದೋಷ ಅಲ್ಲ, ಮೌಲಾಸಾಬಗೂ ಕಾಣವಲ್ದು, ಕೇಳೀನಿ.

ಮೊದಲ ಮಂಗಳವಾರ ಯಂತ್ರ ತಂದೆ, ಬಾಟಲಿ ಮನ್ಯಾಗ ಮರತೆ. ಬುಧವಾರ ಮುಂಜಾನೆ ಆರಕ್ಕ ಬಲಗಣ್ಣು 23, ಎಡಗಣ್ಣು 24. ಮರು ವಾರದಿಂದ ಬಾಟಲಿ ಮೌಲಾಸಾಬನ ಟಿಕೀಟ ಚೀಲದಾಗ ಇರತೈತಿ. ಒಂಬತ್ತಾತಂದ್ರ ಅಂವಾ ಬಿಡೂದಿಲ್ಲ. "ಮಾರಿ ಮ್ಯಾಲ ಮಾಡ್ರಿ ಡ್ರೈವರ್ ಸಾಹೇಬ್ರ, ನಿಮ್ಮ ಸ್ಟಾಪ್ ಬಂತು" ಅಂತ ಹನಿ ಹಾಕತಾನ. ಈ ಬುಧವಾರ 18, 18. ಇವತ್ತಿನ ಶುಕ್ರವಾರ ಖಾಲಿ. ಯಂತ್ರದ ಸೆಲ್ಲ ಮುಗದಾವ, ಇಲ್ಲಿ ಅಂಗಡಿ ಇನ್ನ ತಗದಿಲ್ಲ. ಖಾಲಿ ಬಿಟ್ಟೀನಿ.

ಕನ್ನಡಿ ವಿಷಯ. ಅದು ಟೊಂಗಿ ಅಲ್ಲ. ತಿರುವಿನ್ಯಾಗ ಎಡಕ್ಕ ಲೈಟಿನ ಕಂಬ ಇತ್ತು. ಇಪ್ಪತ್ತ ವರ್ಷದಿಂದ ಅಲ್ಲೇ ಐತಿ. ಅವತ್ತು ನನಗ ಅದು ಇರಲಿಲ್ಲ, ಸಪ್ಪಳ ಆದ ಮ್ಯಾಲ ಬಂತು. ಟೊಂಗಿ ಅಂತ ಡಿಪೋದಾಗೂ ಬರಸಿದೆ, ಮನ್ಯಾಗೂ ಹೇಳಿದೆ. ನಿಮ್ಮವ್ವ ತನ್ನ ಕಣ್ಣಿನ ಅಂಕಿ ಬರದದ್ದಕ್ಕ ನಾ ಯಾವ ಬಾಯಿಲೆ ಬೈಲಿ? ಕಂಬ ಇದ್ದ ಜಾಗಾದಾಗ ಅವತ್ತು ಸಾಲಿ ಹುಡುಗರು ನಿಂತಿರಲಿಲ್ಲ. ದಿನಾ ನಿಂದರತಾರ.

ನಿನ್ನೆ ಗಾಡಿ ತರೂಕಿಂತ ಮೊದಲ ಡಿಪೋದ ಸಾಹೇಬರಿಗೆ ಎಲ್ಲಾ ಹೇಳಿದೆ. ಬ್ಯಾರೆ ಡ್ರೈವರ್ ಕೊಟ್ಟಾರ, ಈ ವಸ್ತಿ ಗಾಡಿ ಅವರ ತಂದಾರ. ಮುಂದ ನನ್ನ ಸೀಟಿನ್ಯಾಗ ಅವರು ಅದಾರ, ನಾ ಹಿಂದ ನನ್ನ ಚೀಲ, ಹಾಸಿಗಿ ಒಯ್ಯಾಕ ಬಂದೀನಿ. ಪ್ಯಾಸೆಂಜರ್ ಆಗಿ ಈ ರಸ್ತಾ ಇದ ಮೊದಲ ನೋಡತೀನಿ. ಟಿಕೀಟ ತಗಸ್ರಿ ಅಂತ ಮೌಲಾಸಾಬ ಕೇಳಿದ.

ನಾಳಿ ರಾಜ್ಯೋತ್ಸವ, ಬೆಳಗಾವ್ಯಾಗ ಗದ್ದಲ ಇರತೈತಿ. ಹೊರಗ ಹೋಗಬ್ಯಾಡ. ಎಂಟನೇ ತಾರೀಖಿಗೆ ಪರೀಕ್ಷೆಕ್ಕ ಬರತೀನಿ, ನಿಮ್ಮವ್ವನ್ನೂ ಕರಕೊಂಡು.

ಬಸಲಿಂಗಪ್ಪ


ಶಿವಬಸವ ನಗರ
9 ನವೆಂಬರ್ 2025, ರವಿವಾರ

ಅಪ್ಪಾ, ಅವ್ವಾ, ಇಬ್ಬರಿಗೂ ಶರಣು.

ನಿನ್ನೆ ನೀವು ಬಸ್ಸು ಹತ್ತುವ ಅವಸರದಲ್ಲಿದ್ದಿರಿ. ಡಾಕ್ಟರ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆದಿಡುತ್ತೇನೆ. ಎಡಗಣ್ಣಿನ ಅಂಚು ಜುಲೈಗಿಂತ ಸ್ವಲ್ಪ ಹೆಚ್ಚು ಹೋಗಿದೆ. ಬಲಗಣ್ಣು ಹಾಗೆಯೇ ಇದೆ. ಹೋದದ್ದು ಹೋಯಿತು. ಅಂಕಿ ಹದಿನಾರಕ್ಕೆ ಬರಬೇಕು, ಹಳದಿ ಹಸಿರು ಎರಡೂ ಬಿಡುವ ಹಾಗಿಲ್ಲ. ಆರು ತಿಂಗಳು ಸ್ಟೇರಿಂಗ್ ಹಿಡಿಯುವಂತಿಲ್ಲ. ಆಮೇಲೆ ನೋಡೋಣ ಎಂದರು. 'ನೋಡೋಣ' ಎಂದರೆ ಇಲ್ಲ ಎಂದಲ್ಲ, ನಾನು ಎರಡು ಸಲ ಕೇಳಿದ್ದೇನೆ.

ಪರೀಕ್ಷೆಯ ಡಬ್ಬಿಯಲ್ಲಿ ಮುಖ ಇಟ್ಟು ದೀಪ ಕಂಡಾಗಲೆಲ್ಲ ಅಪ್ಪ ಬಟನ್ ಒತ್ತುತ್ತಿದ್ದಾಗ ನಾನು ಹಿಂದೆ ನಿಂತಿದ್ದೆ. ದೀಪಗಳು ಅಪ್ಪನಿಗೆ ಮಾತ್ರ ಕಾಣುತ್ತವೆ, ನನಗೆ ಬಟನ್ನಿನ ಸದ್ದು ಮಾತ್ರ. ಕೆಲವು ಸಲ ಬಹಳ ಹೊತ್ತು ಸದ್ದಿರುತ್ತಿರಲಿಲ್ಲ.

ಅವ್ವಾ, ಮೇಡಂ ನಿನ್ನ ಕಣ್ಣನ್ನೂ ನೋಡಿ ಕಾರ್ಡ್ ಮಾಡಿಕೊಟ್ಟರಲ್ಲ, ಅದನ್ನು ಕಳೆಯಬೇಡ. ಹದಿನಾಲ್ಕು ಎಂದು ಬರೆದಿದ್ದಾರೆ. ಅದು ನಿನ್ನ ಹೆಸರಿನಲ್ಲಿದೆ.

ಫಿಜಿಕ್ಸ್‌ನಲ್ಲಿ ಒಂದು ಪ್ರಶ್ನೆ ಬ್ಲ್ಯಾಂಕ್ ಬಿಟ್ಟೆ. ಬರಲಿಲ್ಲ, ಬಿಟ್ಟೆ. ಊಟ ಮಾಡಿದೆ.

ದಾನೇಶ್ವರಿ


ಖಾನಾಪುರ
27 ನವೆಂಬರ್ 2025, ಗುರುವಾರ

ದಾನುಗ ಅವ್ವನ ಆಶೀರ್ವಾದ.

ನಿಮ್ಮಪ್ಪಾರಿಗೆ ಖಾನಾಪುರ ಬಸ್‌ಸ್ಟ್ಯಾಂಡಿನ್ಯಾಗ ಗಾಡಿ ಬಂದ ಟೈಮು, ಹೋದ ಟೈಮು ಬರಿಯೂ ಕೆಲಸ ಕೊಟ್ಟಾರ. ಬಸ್ಸಿನವರೆಲ್ಲಾ ನಮಸ್ಕಾರ ಹೊಡದು ಕಾಡತಾರಂತ. ಮೊದಲ ವಾರ ಮನಿಗೆ ಬಂದು ಮಾತ ಆಡಲಿಲ್ಲ. ನಿನ್ನೆ ಒಂದ ಗಾಡಿ ನಾಲ್ಕ ಮಿನಿಟ ತಡಾ ಬಂತು, ಬರಕೊಂಡೆ ಅಂದ್ರು. ಆ ಡ್ರೈವರ್ ಇವರ ದೋಸ್ತ. ಬಿಟ್ಟ ಬಿಡ್ರಿ ಅಂದನಂತ, ಇವರು ಬಿಡಲಿಲ್ಲ.

ವಸ್ತಿ ಇಲ್ಲ, ಈಗ ಮುಂಜಾನೆ ಆರಕ್ಕ ಮನ್ಯಾಗ ಇರತಾರ. ಚಾರ್ಟ್ ಇದರ ಜೋಡಿ ಐತಿ. ಬುಧವಾರ ಮುಂಜಾನೆ ಆರು: ಬಲಗಣ್ಣು 16, ಎಡಗಣ್ಣು 17. ಅವರದ.

ಇವತ್ತಿಂದು ಖಾಲಿ. ಚಹಾ ಕುಡಕೋತ ಮಾತಾಡಕೋತ ಕುಂತಿವಿ, ಮರತೀವಿ.

ಅವ್ವ